ಡಿಂಗಿ ಮೀಮಾಂಸಕರು

ಇಂಗ್ಲೆಂಡಿನ ದಕ್ಷಿಣ ತೀರಕ್ಕೂ ವೈಟ್ ದ್ವೀಪಕ್ಕೂ ನಡುವೆ, ಉದ್ದದಲ್ಲಿ ಸುಮಾರು 20 ಮೈಲಿ ಹರಡಿಕೊಂಡು ಅಗಲದಲ್ಲಿ 5 ಮೈಲಿಗೆ ಮಿಗದ ಸೋಲೆಂಟ್ ಎಂಬ ಕಡಲತೋಳೊಂದಿದೆ. ಅದರ ಒಂದು ಮಗ್ಗುಲಿನಲ್ಲಿರುವ ಸೌಥಾಂಪ್ಟನ್ ಎಂಬ ಬಂದರಿನಲ್ಲಿ ಉಬ್ಬರವು ಒಮ್ಮೆ ತುಂಬಿ, ಏನನ್ನೋ ಮರೆತು ಬಂದವರಂತೆ ತುಸು ಹಿಂದೆ ಸರಿದು, ಎರಡು ಗಂಟೆಗಳ ತರುವಾಯ ಮತ್ತೊಮ್ಮೆ ತುಂಬುವ ವಿಚಿತ್ರವುಂಟು. ಮೇ ತಿಂಗಳು ಕಾಲಿರಿಸಿ, ಬಿಸಿಲಿಗೆ ಬಿಸಿಲೆಂಬ ಹೆಸರು ಸಲ್ಲುವಷ್ಟಾದರೂ ಕಾವು ಬಂದಿತೆಂದರೆ, ಚಳಿಗಾಲವೆಲ್ಲ ದಡದಲ್ಲಿ ಊರೆಗೋಲುಗಳ ಆಸರೆಯಿಂದ ನಿಂತಿದ್ದ ಹಾಯಿದೋಣಿಗಳು ಇಲ್ಲಿ ನೀರಿಗಿಳಿಯುವುವು. ಅವುಗಳ ಯಜಮಾನರಾದ ವಕೀಲರು, ದಂತವೈದ್ಯರು, ನಿವೃತ್ತ ಉಪಾಧ್ಯಾಯರು ಮುಂತಾದ ಸಂಭಾವಿತ ಗೃಹಸ್ಥರು ನಾವಿಕರಾಗಿ ರೂಪಾಂತರವನ್ನು ಹೊಂದುವರು.

ಇಂಥವರಲ್ಲಿ ಒಬ್ಬರ ಸ್ನೇಹವು ಇಲ್ಲಿ ನೆಲಸಿದ ನನಗೆ ಬಹಳ ವರ್ಷಗಳಿಂದ ಲಭಿಸಿದೆ. ಅವರ ಹೆಸರನ್ನು ಇಲ್ಲಿ ಹೇಳಬೇಕಾದುದಿಲ್ಲ; ಹಾಯಿದೋಣಿಗಳು ನಾಲ್ಕು ಸೇರುವ ಯಾವ ಬಂದರಿಗೆ ಹೋದರೂ ಅವರು ಬೇರೊಂದು ಹೆಸರಿನಿಂದ ಇದ್ದೇ ಇರುತ್ತಾರೆ. ಮೊಣಕೈಯಲ್ಲಿ ತೇಪೆ ಹಾಕಿದ ನೀಲಿ ಸ್ವೆಟರು, ಒಂದು ಜೇಬಿನಲ್ಲಿ ಅಳತೆಯ ಟೇಪು, ಇನ್ನೊಂದರಲ್ಲಿ ಎಂದಾದರೊಂದು ದಿನ ಉಪಯೋಗಕ್ಕೆ ಬಂದೀತೆಂದು ಕಾಪಾಡಿಟ್ಟ ಹಗ್ಗದ ತುಂಡುಗಳು: ಇವು ಅವರ ಲಾಂಛನಗಳು. ಮೂವತ್ತೈದು ವರ್ಷ ಮಕ್ಕಳಿಗೆ ಭೂಗೋಳವನ್ನು ಬೋಧಿಸಿ, ಅದರಲ್ಲಿ ಮುಕ್ಕಾಲು ಪಾಲು ನೀರೇ ಎಂಬುದು ಮನವರಿಕೆಯಾದ ಮೇಲೆ 31 ಅಡಿ ಉದ್ದದ ಹಾಯಿದೋಣಿಯೊಂದನ್ನು ಕೊಂಡವರು ಅವರು. ಗಾಳಿಗೆ ಹೆದರುವವರಲ್ಲ, ಮಂಜಿಗೆ ಅಂಜುವವರಲ್ಲ. ಇಂಗ್ಲಿಷ್ ಕಡಲ್ಗಾಲುವೆಯನ್ನು ನಡುರಾತ್ರಿಯಲ್ಲಿ ದಾಟಿ, ಹೊತ್ತು ಮೂಡುವಾಗ ಫ್ರಾನ್ಸಿನ ಷೆರ್ಬೂರ್ಗನ್ನು ಮುಟ್ಟಿ ಬಂದವರು. ಆದರೂ ಅವರ ನಿದ್ರೆಯನ್ನು ಕೆಡಿಸುವ ವಸ್ತುವೊಂದಿದೆ. ಅದು ಎಂಟಡಿ ಉದ್ದದ, ಮಕ್ಕಳ ಆಟಿಕೆಯೆಂದು ಯಾರಾದರೂ ಭ್ರಮಿಸಬಹುದಾದ, ಡಿಂಗಿ ಎಂಬ ಪುಟ್ಟ ದೋಣಿ.

ನೆಲದ ಮೇಲಿನವರಿಗೆ ಈ ಸಂಕಟವನ್ನು ಕೊಂಚ ವಿವರಿಸಬೇಕು. ಹಾಯಿದೋಣಿಯ ಹೊಟ್ಟೆಯ ಕೆಳಗೆ ಕಬ್ಬಿಣದ್ದೋ ಸೀಸದ್ದೋ ಒಂದು ದಪ್ಪ ರೆಕ್ಕೆಯಿರುವುದರಿಂದ ಅದು ದಡದ ಸಮೀಪಕ್ಕೆ ಬರಲಾರದು. ಇನ್ನೂರು ಗಜ ದೂರದಲ್ಲಿಯೇ ಲಂಗರು ಹಾಕಿ ನಿಲ್ಲಬೇಕು. ನೂರು ಮೈಲಿ ಕಡಲನ್ನು ದಾಟಿ ಬಂದ ಧೀರನಿಗೆ, ಎದುರಿಗೇ ಕಾಣುವ ಅಂಗಡಿಯಿಂದ ಹಾಲನ್ನೂ ಬ್ರೆಡ್ಡನ್ನೂ ತರಲು ಈ ಇನ್ನೂರು ಗಜ ಅಡ್ಡವಾಗುತ್ತದೆ. ಆನೆ ನುಸುಳಿದರೂ ಬಾಲ ಸಿಕ್ಕಿಕೊಂಡಂತೆ. ಅದಕ್ಕಾಗಿ ಡಿಂಗಿ ಬೇಕು. ಇಳಿಯುವಾಗ ಡಿಂಗಿಯು ಮನುಷ್ಯನನ್ನು ಹೊರುವುದು ಸರಿ, ಹೊರಟಾಗ ಡಿಂಗಿಯನ್ನು ಹೊರುವವರಾರು, ಎಲ್ಲಿ ಹೊರುವುದು, ಹೇಗೆ ಹೊರುವುದು? ಈ ಮೂರು ಪ್ರಶ್ನೆಗಳಿಂದ ಒಂದು ದರ್ಶನಶಾಸ್ತ್ರವೇ ಹುಟ್ಟಿದೆ. ನಮ್ಮ ಮಿತ್ರರು ಅದರ ಮೀಮಾಂಸಕರು. ಅವರ ವೈಶಿಷ್ಟ್ಯವೇನೆಂದರೆ, ಯಾವ ಮತವನ್ನೂ ಅವರು ಖಂಡಿಸಿ ಬಿಟ್ಟವರಲ್ಲ. ಪ್ರತಿಯೊಂದನ್ನೂ ಒಂದೊಂದು ಋತುವಿನ ಮಟ್ಟಿಗೆ ಸ್ವೀಕರಿಸಿ, ಅನುಷ್ಠಾನ ಮಾಡಿ, ಅನಂತರವೇ ಖಂಡಿಸಿದವರು.

ನಾನು ಅವರನ್ನು ಮೊದಲು ಕಂಡಾಗ ಅವರು ದ್ವೈತಿಗಳಾಗಿದ್ದರು. ದೊಡ್ಡ ದೋಣಿ ಬೇರೆ, ಸಣ್ಣ ದೋಣಿ ಬೇರೆ. ಸಣ್ಣದು ದೊಡ್ಡದಕ್ಕೆ ಎಂದೆಂದಿಗೂ ಅಧೀನವಾಗಿ, ಮೂಗುದಾರ ಕಟ್ಟಿದ ಹೋರಿಯಂತೆ, ಅದರ ಹಿಂದೆ ಬರತಕ್ಕದ್ದು ಎಂಬುದು ಈ ಪಕ್ಷದ ಸಾರ. ಸರಳವಾದ ಮಾರ್ಗವೇ ಸರಿ. ಆದರೆ ಹೋರಿಗೂ ತನ್ನದೇ ಆದ ಇಚ್ಛೆಗಳಿರುತ್ತವೆ. ಎದುರುಗಾಳಿಯಲ್ಲಿ ಅದು ಹಿಂದಕ್ಕೆ ಜಗ್ಗಿ ದೊಡ್ಡ ದೋಣಿಯ ವೇಗವನ್ನು ತಿನ್ನುವುದು. ಬೆನ್ನ ಹಿಂದಿನಿಂದ ಅಲೆಗಳು ಬರುವಾಗ ಅಲೆಯ ನೆತ್ತಿಯನ್ನೇರಿ, ಯಜಮಾನನ ಬೆನ್ನಿಗೆ ಹಾಯುವುದು. ಆ ವರ್ಷ ವೈಟ್ ದ್ವೀಪದ ಯಾರ್ಮತ್ ಬಂದರಿನಲ್ಲಿ, ಲಿಮಿಂಗ್ಟನ್ನಿನಿಂದ ಬಂದ ಹಡಗಿನ ಪ್ರಯಾಣಿಕರೆಲ್ಲರೂ ಕಟಕಟೆಗೆ ಒರಗಿ ನೋಡುತ್ತಿರಲು, ನಮ್ಮವರು ತೇಲುಬುರುಡೆಯನ್ನು ಹಿಡಿಯಲೆಂದು ಎಂಜಿನ್ನನ್ನು ಹಿಮ್ಮುಖವಾಗಿ ತಿರುಗಿಸಿದರು. ಮುಂಚಿತವಾಗಿ ಮೋಟುಮಾಡಿಕೊಳ್ಳಬೇಕಾಗಿದ್ದ ಮೂಗುದಾರವು ಸಡಿಲಗೊಂಡು ಪ್ರೊಪೆಲರಿಗೆ ಸುತ್ತಿಕೊಂಡಿತು. ಎಂಜಿನ್ ಒಮ್ಮೆ ಬಿಕ್ಕಳಿಸಿ ನಿಂತಿತು. ಅರ್ಧ ಗಂಟೆಯ ಕಾಲ ಅವರು ಡಿಂಗಿಯೊಳಗೆ ಬೋರಲು ಮಲಗಿ, ಭುಜದವರೆಗೂ ತಣ್ಣೀರಿನಲ್ಲಿ ಕೈಯಿಳಿಸಿ, ಬ್ರೆಡ್ಡು ಕೊಯ್ಯುವ ಚಾಕುವಿನಿಂದ ಹಗ್ಗವನ್ನು ಎಳೆ ಎಳೆಯಾಗಿ ಕತ್ತರಿಸಿದರು. ಅವರ ಪತ್ನಿಯವರು ಮೇಲಿನಿಂದ ಬಾಗಿ ನೋಡಿ ಆಡಿದ್ದು ಒಂದೇ ಮಾತು: “ಇನ್ನು ಬ್ರೆಡ್ಡನ್ನು ಕೈಯಲ್ಲಿ ಮುರಿದು ತಿನ್ನೋಣ.”

ಮರುವರ್ಷ ಅವರು ದೋಣಿಯ ಹಿಂಬದಿಯಲ್ಲಿ ಡ್ಯಾವಿಟ್ ಎಂಬ ಎರಡು ಉಕ್ಕಿನ ತೋಳುಗಳನ್ನು ನೆಡಿಸಿ, ಡಿಂಗಿಯನ್ನು ತ್ರಿಶಂಕುವಿನಂತೆ ಅಂತರಿಕ್ಷದಲ್ಲಿ ನೇತುಹಾಕಿದರು. ನೋಡುವುದಕ್ಕೆ ಬಹು ಗಂಭೀರವಾಗಿತ್ತು. ಬಂದರಿನ ಗುಮಾಸ್ತನೂ ಗಂಭೀರವಾಗಿಯೇ ನೋಡಿ, ಬಾಡಿಗೆಯನ್ನು ದೋಣಿಯ ಒಟ್ಟು ಉದ್ದದ ಮೇಲೆ ಎಣಿಸುವ ಪದ್ಧತಿಯಾದುದರಿಂದ, ತೋಳುಗಳ ಉದ್ದವನ್ನೂ ಸೇರಿಸಿ ರಸೀತಿ ಬರೆದನು. ಅದಿರಲಿ. ತೂಗಾಡುವ ಡಿಂಗಿಯೊಳಗೆ ಅಲೆಯೊಂದು ನುಗ್ಗಿತೆಂದರೆ ತೊಡಕು ಬೇರೆಯೇ. ನೀರು ಒಂದು ಘನ ಮೀಟರಿಗೆ 1000 ಕಿಲೋ ತೂಗುತ್ತದೆ, ಆ ಭಾರಕ್ಕೆ ತೋಳುಗಳೇ ಮುರಿದಾವು. ಆದುದರಿಂದ ಡಿಂಗಿಯ ತಳದಲ್ಲಿರುವ ಬಿರಡೆಯನ್ನು ತೆಗೆದಿರಿಸಿ, ಬಂದ ನೀರು ಬಂದಂತೆಯೇ ಸೋರಿಹೋಗಲು ಬಿಡಬೇಕು. ಇದನ್ನು ಅವರು ನನಗೆ ಎರಡು ಸಲ ಬೋಧಿಸಿದ್ದರು. ನ್ಯೂಟೌನಿನ ಕೆಸರುಗಾಲುವೆಯಲ್ಲಿ ಒಂದು ಸಂಜೆ ನಾವು ಮೂವರೂ ಡಿಂಗಿಯಲ್ಲಿ ಕುಳಿತು ದಡದತ್ತ ಹೊರಟು ಮೂವತ್ತು ಗಜ ಹೋಗಿರಬಹುದು. ನನ್ನ ಪಾದಗಳಿಗೆ ಏನೋ ಶೈತ್ಯೋಪಚಾರವಾಗುತ್ತಿರುವಂತೆ ತೋರಿ ಕೆಳಗೆ ನೋಡಿದರೆ, ನೀರು ಅಂಗಾಲನ್ನು ದಾಟಿ ಗುಲ್ಫಕ್ಕೆ ಏರುತ್ತಿದೆ. ಬಿರಡೆಯು ಮೀಮಾಂಸಕರ ಜೇಬಿನಲ್ಲಿ, ಹಗ್ಗದ ತುಂಡುಗಳ ನಡುವೆ, ಸುರಕ್ಷಿತವಾಗಿತ್ತು.

ಮೂರನೆಯ ವರ್ಷ ಅವರು ವಿಶಿಷ್ಟಾದ್ವೈತದ ಕಡೆಗೆ ಒಲಿದರು. ಡಿಂಗಿಯು ದೊಡ್ಡ ದೋಣಿಯ ಶರೀರದ ಒಂದು ಅಂಗವೇ ಆಗಬೇಕೆಂದು, ಅದನ್ನು ಮುಂಭಾಗದ ಡೆಕ್ಕಿನ ಮೇಲೆ ಬೋರಲು ಹಾಕಿ, ನಾಲ್ಕು ಕಡೆಗೂ ಪಟ್ಟಿ ಬಿಗಿದರು. ಕಡಲು ಕೆರಳಿದಾಗ ಇದಕ್ಕಿಂತ ನೆಮ್ಮದಿಯ ಸ್ಥಾನವಿಲ್ಲವೆಂದು ಬಲ್ಲವರೂ ಹೇಳುತ್ತಾರೆ. ಆದರೆ ಅದರ ಕೆಳಗೆ ಮುಂಗೋಣೆಯ ಮೇಲ್ಬಾಗಿಲಿದೆ. ಆ ಕೋಣೆಯಲ್ಲಿ ಅತಿಥಿಯಾಗಿ ಮಲಗಿದ್ದವನು ನಾನು. ಬೆಳಕೂ ಗಾಳಿಯೂ ಇಲ್ಲದ ಆ ಗುಹೆಯಲ್ಲಿ ಕಳೆದ ರಾತ್ರಿಯ ವಿಚಾರವಾಗಿ ಬೆಳಗ್ಗೆ ನಾನು ಸೂಕ್ಷ್ಮವಾಗಿ ಸೂಚಿಸಿದೆನಾಗಿ, ಡಿಂಗಿಯನ್ನು ಕೂವೆಕಂಬದ ಹಿಂದಕ್ಕೆ, ಕೋಣೆಯ ಮಾಡಿನ ಮೇಲಕ್ಕೆ ಒಯ್ದರು. ಈಗ ನನಗೆ ಗಾಳಿ ಬಂತು; ಚುಕ್ಕಾಣಿ ಹಿಡಿದ ಅವರಿಗೆ ಮುಂದಿನ ಕಡಲು ಕಾಣದೆ ಹೋಯಿತು. ಅಂದಿನ ಪ್ರಯಾಣವೆಲ್ಲ ನಾನು ದೋಣಿಯ ಮೂತಿಯಲ್ಲಿ ನಿಂತು, “ಎಡಕ್ಕೆ! ಬಲಕ್ಕೆ! ದೊಡ್ಡ ಹಡಗು!” ಎಂದು ಉತ್ಸವದ ತೇರಿನ ಮುಂದೆ ಕೂಗುವವನಂತೆ ಕೂಗುತ್ತಾ ಬಂದೆನು.

ಅದ್ವೈತಕ್ಕೆ ಬಂದದ್ದು ಅದರ ಮುಂದಿನ ವರ್ಷ. ಎರಡನೆಯ ದೋಣಿ ಎಂಬುದೇ ಇಲ್ಲ. ಇರುವುದು ಗಾಳಿ ಮಾತ್ರ. ಗಾಳಿಯನ್ನು ಬಿಟ್ಟರೆ ಉಳಿಯುವುದು ಸುತ್ತಿಟ್ಟ ರಬ್ಬರಿನ ಬಟ್ಟೆ. ನಾಮರೂಪಗಳು ಉಪಾಧಿಯಿಂದ ಬಂದವು. ಗಾಳಿ ತುಂಬುವ ಡಿಂಗಿಯನ್ನು ಅವರು ಚೀಲಸಮೇತ ಕೊಂಡುತಂದರು. ಲೋಕದಲ್ಲಿ ಇಂಥ ಡಿಂಗಿಯು ತನ್ನ ಚೀಲದೊಳಗೆ ಹಿಡಿಸುವುದು ಒಮ್ಮೆ ಮಾತ್ರ, ಕಾರ್ಖಾನೆಯಲ್ಲಿ. ಅನಂತರ ಎಷ್ಟು ಮಡಿಸಿದರೂ ಸುತ್ತಿದರೂ ಮೇಲೆ ಕುಳಿತರೂ ಒಂದು ಮೂಲೆ ಹೊರಗೇ ಉಳಿಯುವುದು. ಅದನ್ನು ಇರಿಸುವ ಪೆಟ್ಟಿಗೆಯ ತಳದಿಂದ ಹೊರತೆಗೆಯಬೇಕಾದರೆ ಮೇಲಿರುವ ಬಕೀಟು, ಹಗ್ಗ, ಹೆಚ್ಚಿನ ಲಂಗರು, ಈರುಳ್ಳಿಯ ಚೀಲ, ಇವೆಲ್ಲವನ್ನೂ ಹೊರಗೆ ಹರಡಬೇಕು. ಹರಡಿದ ಮೇಲೆ ಡಿಂಗಿಗೆ ಗಾಳಿ ತುಂಬಲು ಜಾಗವಿರುವುದಿಲ್ಲ. ಅವರು ಕಾಲಿನಿಂದ ತುಳಿಯುವ ಪಂಪನ್ನು ಕಮ್ಮಾರನ ತಿದಿಯಂತೆ ಫುಸ್ ಫುಸ್ ಎನ್ನಿಸುತ್ತ ಮುಕ್ಕಾಲು ಗಂಟೆ ತುಳಿದರು. ಪತ್ನಿಯವರು ದಡದ ಊಟದ ಮನೆಯ ದೀಪಗಳನ್ನೇ ನೋಡುತ್ತಿದ್ದರು. ಡಿಂಗಿಯು ಉಬ್ಬಿ ಪೂರ್ಣರೂಪವನ್ನು ತಾಳಿ, 15 ಕಿಲೋಗೆ ಮಿಕ್ಕ ತೂಕದ ಮೋಟಾರನ್ನು ಅದರ ಬೆನ್ನಿಗೆ ಇಳಿಸಿ, ನಾವು ಹತ್ತುವ ವೇಳೆಗೆ ಆ ದೀಪಗಳು ಒಂದೊಂದಾಗಿ ಆರಿದವು. ಆ ರಾತ್ರಿ ನಮಗೆ ಈರುಳ್ಳಿಯ ಸಾರಾಯಿತು. ಈರುಳ್ಳಿ ಹೇಗೂ ಹೊರಗೇ ಇತ್ತು.

ಇಷ್ಟಾದ ಮೇಲೆ ಬೇರೆ ಯಾರಾದರೂ ವೈರಾಗ್ಯವನ್ನು ಹೊಂದುತ್ತಿದ್ದರು. ಮೀಮಾಂಸಕರು ಶಾಸ್ತ್ರಗ್ರಂಥಗಳನ್ನು ತೆರೆದರು. ಹಾಯಿದೋಣಿಯಲ್ಲಿ ಒಬ್ಬನೇ ಭೂಮಂಡಲವನ್ನು ಮೊತ್ತಮೊದಲು ಸುತ್ತಿದ ಜೋಶುವಾ ಸ್ಲೋಕಮ್ 1895ರಿಂದ 1898ರವರೆಗೆ ಸ್ಪ್ರೇ ಎಂಬ 36 ಅಡಿ 9 ಅಂಗುಲದ ದೋಣಿಯಲ್ಲಿ ನಡೆಸಿದ ಪ್ರಯಾಣವು ಈ ಮತದವರಿಗೆಲ್ಲ ಶ್ರುತಿಪ್ರಮಾಣ. ಡೆಕ್ಕಿನ ಮೇಲೆ ಇಡೀ ಡಿಂಗಿಗೆ ಸ್ಥಳವಿಲ್ಲವೆಂದು ಕಂಡು ಆ ಪುಣ್ಯಾತ್ಮನು ಡೋರಿ ಎಂಬ ಮೀನುದೋಣಿಯೊಂದನ್ನು ನಡುವಿಗೆ ಕೊಯ್ದು, ಕೊಯ್ದ ಬಾಯಿಗೆ ಹಲಗೆ ಹೊಡೆದು, ಅರ್ಧ ದೋಣಿಯನ್ನೇ ಲೋಕದ ಸುತ್ತ ಒಯ್ದನು. ಅದರಲ್ಲಿಯೇ ಬಟ್ಟೆ ಒಗೆದನು, ಅದರಲ್ಲಿಯೇ ಸ್ನಾನವನ್ನೂ ಮಾಡಿದನು. ಸೌಥಾಂಪ್ಟನ್ನಿಗೆ ಹತ್ತಿರದ ರೋಮ್ಸಿಯಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಪಾದ್ರಿಯಾಗಿದ್ದ ಬರ್ಥನ್ ಎಂಬವರು, ಆತ್ಮೋದ್ಧಾರದ ಕಾರ್ಯದಿಂದ ಬಿಡುವಾದಾಗ, ಪುಸ್ತಕದಂತೆ ಮಡಿಚುವ ಕ್ಯಾನ್ವಾಸಿನ ದೋಣಿಯನ್ನೇ ನಿರ್ಮಿಸಿದ್ದರು. ಪ್ರಮಾಣಗಳು ಇಷ್ಟಿರಲು ಅನುಷ್ಠಾನಕ್ಕೆ ತಡವೇಕೆ?

ಆ ಚಳಿಗಾಲ ಅವರ ಕಾರು ಮಳೆಯಲ್ಲಿ ನಿಂತಿತು. ಕಾರಿನ ಮನೆಯಲ್ಲಿ ಪ್ಲೈವುಡ್ಡಿನ ಡಿಂಗಿಯೊಂದು ಜರಾಸಂಧನಂತೆ ಎರಡು ಹೋಳುಗಳಾಗಿ ಜನಿಸಿತು. ಒಂದು ಹೋಳು ಇನ್ನೊಂದರೊಳಗೆ ಕೂರುವುದು. ಬೇಕಾದಾಗ ನಾಲ್ಕು ಬೋಲ್ಟುಗಳಿಂದ ಕೂಡಿಸಿದರೆ ಜೀವ ಬರುವುದು. ಮಾಡಿನ ಮೇಲಿನ ತೆರಪನ್ನು ಅವರು ಅಂಗುಲದ ಎಂಟನೆಯ ಒಂದು ಭಾಗದವರೆಗೂ ಅಳೆದಿದ್ದರು. ಏಪ್ರಿಲಿನ ಒಂದು ಭಾನುವಾರ ನಾವು ನಾಲ್ವರು ಅದನ್ನು ಹೊತ್ತೊಯ್ದು ಅದರ ಸ್ಥಾನದಲ್ಲಿ ಕೂರಿಸಿದೆವು. ಕೈಗವಸಿನಲ್ಲಿ ಕೈ ಹೊಕ್ಕಂತೆ ಕುಳಿತಿತು. ಅವರು ಟೇಪನ್ನು ಜೇಬಿಗೆ ಹಾಕಿ ಒಂದು ನಿಟ್ಟುಸಿರು ಬಿಟ್ಟರು. ಅನಂತರ ದೊಡ್ಡ ಹಾಯಿಯ ಅಡಿಯಲ್ಲಿರುವ ಅಡ್ಡದಿಮ್ಮಿಯನ್ನು ಅದರ ಸಹಜಸ್ಥಾನಕ್ಕೆ ಇಳಿಸಿದೆವು. ಅದು ಡಿಂಗಿಯ ಬೆನ್ನಿಗೆ ತಾಗಿ, ಅಲ್ಲಿಯೇ ನಿಂತಿತು. ಉದ್ದವನ್ನು ಅಳೆದಿದ್ದರು, ಅಗಲವನ್ನು ಅಳೆದಿದ್ದರು. ಹಾಯಿಯನ್ನು ಬಿಚ್ಚದೆ ಇರುವವರೆಗೆ ಆ ಡಿಂಗಿಯು ಸರ್ವಥಾ ನಿರ್ದುಷ್ಟವಾದುದು.

ಅವರನ್ನು ಸಂತೈಸುವುದಕ್ಕೆಂದು ನಾನು, ಡಿಂಗಿ ಎಂಬ ಶಬ್ದವೇ ನಮ್ಮ ದೇಶದ್ದೆಂದೂ, ಬಂಗಾಳಿ ಹಿಂದಿಗಳಲ್ಲಿ ಸಣ್ಣ ದೋಣಿಗಿರುವ ಹೆಸರನ್ನು ನಿಮ್ಮವರು ಹೊತ್ತುತಂದರೆಂದೂ ಹೇಳಿದೆನು. ಅವರ ಕಣ್ಣುಗಳು ಅರಳಿದವು. “ಹಾಗಾದರೆ ಮೂಲಸ್ಥಾನದಲ್ಲಿ ಅದನ್ನು ಇಡುವ ಕ್ರಮವೇನು?” ಎಂದು ಕೇಳಿದರು.

ಬಂಗಾಳದ ಕ್ರಮ ನನಗೇನು ಗೊತ್ತು! ನಮ್ಮ ತುಂಗಭದ್ರೆಯ ಹರಿಗೋಲನ್ನು ವರ್ಣಿಸಿದೆನು. ಬಿದಿರಿನ ದಬ್ಬೆಗಳಿಂದ ಹೆಣೆದ, ಹಿಂದೆ ತೊಗಲನ್ನೂ ಈಗ ಪ್ಲಾಸ್ಟಿಕ್ಕಿನ ಹಾಳೆಯನ್ನೂ ಹೊದಿಸುವ, ಮುಂದು ಹಿಂದುಗಳ ಭೇದವಿಲ್ಲದ ಗುಂಡನೆಯ ಬುಟ್ಟಿ. ಹಂಪೆಯ ಅಂಬಿಗನು ಸಂಜೆ ಕೊನೆಯ ಪ್ರಯಾಣಿಕನನ್ನು ಇಳಿಸಿ, ಅದನ್ನು ನೀರಿನಿಂದೆತ್ತಿ ಬೆನ್ನ ಮೇಲೆ ಬೋರಲು ಹಾಕಿಕೊಂಡು, ಬಂಡೆಗಳ ನಡುವೆ ಆಮೆಯಂತೆ ನಡೆದು ಹೋಗುವನೆಂದು ಹೇಳಿದೆನು.

ಅವರು ಬಹಳ ಹೊತ್ತು ಆಲೋಚಿಸಿದರು. ಕೈ ತಾನಾಗಿಯೇ ಟೇಪಿನ ಕಡೆಗೆ ಹೋಯಿತು. “ಸರಿ,” ಎಂದರು, “ಅದು ಅವನ ಬೆನ್ನ ಮೇಲಿರುವಾಗ ದೊಡ್ಡ ದೋಣಿಯನ್ನು ನಡೆಸುವವರಾರು?”

“ಅವನಿಗೆ ದೊಡ್ಡ ದೋಣಿಯಿಲ್ಲ.”

ಪತ್ನಿಯವರು ಚಹಾದ ಬಟ್ಟಲನ್ನು ಕೆಳಗಿಟ್ಟು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಮೀಮಾಂಸಕರು ನಗಲಿಲ್ಲ. ಅದು ಸಮಸ್ಯೆಯ ಪರಿಹಾರವಲ್ಲ, ಸಮಸ್ಯೆಯಿಂದ ಪಲಾಯನ ಎಂದು ತೀರ್ಪಿತ್ತರು. ಈ ವರ್ಷ ಅವರು ಮರಳಿ ದ್ವೈತಿಗಳಾಗಿ, ಮುಳುಗದೆ ತೇಲುವ ಹೊಸ ಹಗ್ಗವೊಂದನ್ನು ಮೂಗುದಾರವಾಗಿ ಕಟ್ಟಿ, ಡಿಂಗಿಯನ್ನು ಹಿಂದೆ ಎಳೆದುಕೊಂಡೇ ಹೋಗುತ್ತಿದ್ದಾರೆ. ಚಾಕುವನ್ನು ಮಾತ್ರ ಅವರ ಪತ್ನಿಯವರು ಬೀಗ ಹಾಕಿ ಇಟ್ಟಿದ್ದಾರೆ.

ವಾಚಕರಲ್ಲಿ ಯಾರಾದರೂ ಈ ಕಡೆಗೆ ಬಂದು, ಜೇಬಿನಿಂದ ಟೇಪು ಇಣುಕುವ ಸಂಭಾವಿತರೊಬ್ಬರು ನಿಮ್ಮನ್ನು ಹಾಯಿದೋಣಿಗೆ ಆಹ್ವಾನಿಸಿದರೆ, ಸಂತೋಷವಾಗಿ ಹೋಗಿರಿ. ಹಾಯಿಯನ್ನು ಹೊಗಳಿರಿ, ಲಂಗರಿನ ತೂಕವನ್ನು ಕೇಳಿರಿ, ಚಹಾ ಕುಡಿಯಿರಿ. ಡಿಂಗಿಯನ್ನು ಎಲ್ಲಿ ಇಡುತ್ತೀರಿ ಎಂಬ ಪ್ರಶ್ನೆಯನ್ನು ಮಾತ್ರ ಎತ್ತಬೇಡಿರಿ. ಸೌಥಾಂಪ್ಟನ್ನಿನಲ್ಲಿ ಉಬ್ಬರವು ಎರಡು ಸಲ ತುಂಬುತ್ತದೆಂದು ಮೊದಲೇ ಹೇಳಿದೆನಷ್ಟೆ. ನಾನು ಆ ಪ್ರಶ್ನೆಯನ್ನು ಮೊದಲ ಬಾರಿಗೆ ಕೇಳಿದ ದಿನ ನಾವು ಎರಡನ್ನೂ ತಪ್ಪಿಸಿಕೊಂಡೆವು.