ಸರ್ವರ್ ಡೌನ್ ಅಲ್ರೀ, ನಾನು ಡೌನ್!

ಆಳಂದ, ಅಫಜಲಪುರ, ಜೇವರ್ಗಿಗಳಲ್ಲಿ ಪಹಣಿ ತೆಗೆಯುವ ಕೌಂಟರಿನಿಂದ ಡಿಟಿಪಿ ಅಂಗಡಿಯವರೆಗೆ ಕಂಪ್ಯೂಟರಿನ ಬೆನ್ನಿಗೆ ಕೂತು ಗಿರಕಿ ಹೊಡೆಯುವ ಎಸ್‌ಎಂಪಿಎಸ್ (ಕಂಪ್ಯೂಟರಿಗೆ ಕರೆಂಟ್ ಕೊಡುವ ಡಬ್ಬಿ) ಫ್ಯಾನ್ ಅವರೊಂದಿಗೆ ಮಾತುಕತೆ.

ಗರಗರ ಸದ್ದು ಯಾಕೆ? ವಯಸ್ಸಾಯಿತೇ?

ವಯಸ್ಸಲ್ರೀ, ಬೇರಿಂಗಿನ ಎಣ್ಣಿ ಆರ್ಯಾದ. ಬ್ಯಾಸಗಿಯಾಗ ನಮ್ಮ ಕಡೆ 42 ಡಿಗ್ರಿ ದಾಟ್ತದ, ಡಬ್ಬಿಯೊಳಗ ಇನ್ನೂ ಜಾಸ್ತಿ. ತೊಗರಿ ರಾಶಿ ಟೈಮಿಗಿ ಹೊಟ್ಟು, ಉಳಿದ ದಿನ ಎರಿ ಮಣ್ಣಿನ ಧೂಳು ರೆಕ್ಕಿಗಿ ಮೆತ್ತಿ ತೂಕ ತಪ್ಪಸ್ತದ. ನಾ ಮೆಲ್ಲಗಾದ್ರ ಮೊದಲು ಸಾಯೋದು ಬಾಜೂಕಿನ ಕೆಪಾಸಿಟರ್. 10 ಡಿಗ್ರಿ ಕಾವು ಏರಿದ್ರ ಅದರ ಆಯುಷ್ಯ ಹೆಚ್ಚುಕಡಿಮಿ ಅರ್ಧಕ್ಕ ಇಳೀತದ. ಆಮ್ಯಾಲ ಕಂಪ್ಯೂಟರ್ ನಡುನಡುವ ಬಂದ್ ಬೀಳ್ತದ, ನೀವು ‘ಸರ್ವರ್ ಡೌನ್’ ಅಂತ ಚೀಟಿ ಅಂಟಸ್ತೀರಿ. ಪಾಪ, ಸರ್ವರ್ ಎಲ್ಲೋ ಎಸಿಯಾಗ ತಣ್ಣಗ ಕುಂತಿರ್ತದ!

ಇಡೀ ಎಸ್‌ಎಂಪಿಎಸ್ ಬದಲಿಸಿದರಾಯಿತಲ್ಲ?

ಕೆಪಾಸಿಟರ್ ತಲಿ ಉಬ್ಬಿದ್ರ ಬದಲಸ್ರಿ, ಬ್ಯಾಡನ್ನಲ್ಲ. ಆದ್ರ ಕೆಟ್ಟಿದ್ದು ನಾನೊಬ್ಬನೇ ಇದ್ದಾಗ ತಾಮ್ರದ ಸುರುಳಿ, ಅಲ್ಯೂಮಿನಿಯಂ ಹೀಟ್ ಸಿಂಕ್, ಎಲ್ಲಾ ಗುಜರಿಗಿ ಹಾಕೋದು ಯಾವ ಲೆಕ್ಕ? ಹೊಸದರ ಚೀಟಿ ಮ್ಯಾಗ 450 ವ್ಯಾಟ್ ಅಂತ ಬರದಿರ್ತದ, ಕೈಯಾಗ ಹಿಡಿದ್ರ ಖಾಲಿ ಡಬ್ಬಿಯಷ್ಟು ಹಗುರ. ಅದರೊಳಗೂ ನನ್ನಂಥವನೇ ಅಗ್ಗದ ಫ್ಯಾನ್ ಕುಂತಿರ್ತಾನ. ನಾನು ಸವೆಯೋ ಸಾಮಾನ್ರೀ. ಸೈಕಲ್ ಟೈರ್ ಸವೆದ್ರ ಸೈಕಲ್ ಒಗೀತೀರೇನು? ಸಮಸ್ಯೆ ಬ್ಯಾರೆನೇ ಅದ: ಆಫೀಸಿನ ಬಿಲ್ಲಿನಾಗ ಹೊಸ ಖರೀದಿಗಿ ಕಾಲಂ ಅದ, ಫ್ಯಾನ್ ಬದಲಿಗಿ ಇಲ್ಲ.

ಆ ಡಬ್ಬಿ ಬಿಚ್ಚುವುದು ಅಪಾಯವಲ್ಲವೇ?

ಖರೆ ಅಪಾಯ, ಇದೊಂದು ಮಾತಿಗಿ ತಲಿ ಬಾಗಸ್ತೀನಿ. ಗೋಡೆಯ 230 ವೋಲ್ಟ್ ಒಳಗ ಬಂದು ಸುಮಾರು 325 ವೋಲ್ಟ್ ಡಿಸಿ ಆಗ್ತದ; ಪ್ಲಗ್ ಕಿತ್ತ ಮ್ಯಾಲೂ ದೊಡ್ಡ ಕೆಪಾಸಿಟರಿನಾಗ ಉಳಿದಿರಬಹುದು. ಅದಕ್ಕ ಆಪರೇಟರ್ ಸ್ಕ್ರೂಡ್ರೈವರ್ ಹಿಡೀಬಾರದು. ಆದ್ರ ಅಪಾಯ ಅಂದ್ರ ಬಲ್ಲವನ ಕೈಗಿ ಕೊಡ್ರಿ ಅಂತ ಅರ್ಥ, ಒಗೀರಿ ಅಂತಲ್ಲ. ರಿಪೇರಿಯವ ಮೊದಲು ಆ ಚಾರ್ಜ್ ಇಳಸ್ತಾನ. ನಾಲ್ಕು ಸ್ಕ್ರೂ, ಕೆಂಪು-ಕರಿ ಎರಡು ವೈರು, ಅದೇ ಅಳತಿಯ 12 ವೋಲ್ಟ್ ಫ್ಯಾನ್. ಸಾಧ್ಯ ಆದ್ರ ಬಾಲ್ ಬೇರಿಂಗಿಂದು ತರಸ್ರಿ, ಕಾವಿಗಿ ಹೆಚ್ಚು ತಾಳ್ತದ.

ಬದಲಿಸುವವರಿಗೆ ಕೊನೆಯ ಸೂಚನೆ?

ಹಳೇ ಫ್ಯಾನ್ ಬಿಚ್ಚೋ ಮುಂಚೆ ಗಾಳಿ ಯಾವ ಕಡಿ ಹೋಗ್ತಿತ್ತು ನೋಡಿಟ್ಕೋರಿ, ಹೊಸದನ್ನೂ ಹಂಗೇ ಕೂಡಸ್ರಿ. ಉಲ್ಟಾ ಕೂಡಸಿದ್ರೂ ಜೋರಾಗೇ ತಿರುಗ್ತದ, ಬಿಸಿಗಾಳಿ ಮಾತ್ರ ಒಳಗೇ ಉಳೀತದ. ಬಿಲ್ ಪಾಸ್ ಮಾಡೋರು ತಿರುಗ್ತದೋ ಇಲ್ಲೋ ಅಷ್ಟೇ ನೋಡ್ತಾರ.