ನಕಲು ಅಂದಾಂವ ಹೋದಾ, ನಾ ಇಲ್ಲೇ ಅದೀನಿ

ಪ್ರಾದೇಶಿಕ ಇತಿಹಾಸದ ಸಂಶೋಧನೆ ಮತ್ತು ಪ್ರಕಟಣೆಯ ಸ್ಥಿತಿಗತಿ ಕೇಳಬೇಕೆಂದರೆ ಪ್ರಾಧ್ಯಾಪಕರನ್ನು ಹುಡುಕುವುದು ವಾಡಿಕೆ. ಹುಡುಕಿದೆ. ಎಲ್ಲರೂ ವಿಚಾರ ಸಂಕಿರಣದಲ್ಲಿದ್ದರು. ಹಾಗಾಗಿ ಸಂಶೋಧನೆಗೆ ಒಳಗಾದವರನ್ನೇ ಮಾತಾಡಿಸೋಣವೆಂದು ಲಕ್ಷ್ಮೇಶ್ವರದ ಶಂಖ ಬಸದಿಯ ಶಾಸನದ ಕಲ್ಲಿನ ಮುಂದೆ ಕುಳಿತೆ. ಕಲ್ಲಿಗೆ ಪುರಸೊತ್ತಿತ್ತು.

ನಾನು: ನಮಸ್ಕಾರ್ರೀ ಅಜ್ಜಾರ. ಮೊದಲ ನಿಮ್ಮ ವಯಸ್ಸು ಹೇಳ್ರಿ.

ಕಲ್ಲು: ಜಗಳ ಇರೋದೇ ಅಲ್ಲಿ ನೋಡು ತಮ್ಮಾ. ನನ್ನ ಮೈಮ್ಯಾಲ ಮೊದಲ ಬರಾಂವ ಗಂಗರ ಮಾರಸಿಂಹ, ಶಕ 890. ನಿಮ್ಮ ಲೆಕ್ಕದಾಗ 968-69. ಅವನ ಕೆಳಗ ಬರಾಂವ ಬಾದಾಮಿ ಚಾಲುಕ್ಯರ ಎರಡನೇ ವಿಕ್ರಮಾದಿತ್ಯ, ಶಕ 656. ಇನ್ನೂರು ವರ್ಷದ ಮ್ಯಾಲ ಹಿರ್ಯಾ ಆದಾಂವ ಕೆಳಗ ಕುಂತಾನ, ಕಿರ್ಯಾ ಮ್ಯಾಲ.

ನಾನು: ಹಂಗ ಹ್ಯಾಂಗಾತ್ರೀ?

ಕಲ್ಲು: ಹಳೇ ದಾನದ ದಾಖಲೆ ಕಳದು ಹೋಗಬಾರದಂತ ಹಿಂದಿಂದ ಎಲ್ಲಾ ಕೂಡಿಸಿ ನನ್ನ ಮ್ಯಾಲ ಕೆತ್ತಿಸಿದ್ರು. ಶಂಖತೀರ್ಥ ವಸತಿ, ಧವಳ ಜಿನಾಲಯ ದುರಸ್ತಿ ಮಾಡಿಸಿ ಭೂಮಿ ಬಿಟ್ಟದ್ದು ಅದರಾಗ ಐತಿ. ಫ್ಲೀಟ್ ಸಾಹೇಬ ಅಕ್ಷರದ ಮಾಟ ನೋಡಿದಾ. ಚಾಲುಕ್ಯರ ಭಾಗ ಚಾಲುಕ್ಯರ ಕಾಲದಾಗ ಕೆತ್ತಿದ್ದಲ್ಲ ಅಂತ 1878ರ ‘ಇಂಡಿಯನ್ ಆಂಟಿಕ್ವರಿ’ಯೊಳಗ ಬರದೇಬಿಟ್ಟಾ. ಅವತ್ತಿನಿಂದ ನನ್ನ ಹೆಸರಿನ ಮುಂದ ಒಂದು ಅನುಮಾನ ಅಂಟಿಕೊಂಡೈತಿ.

ನಾನು: ಸಿಟ್ಟು ಬರಲಿಲ್ಲೇನ್ರೀ?

ಕಲ್ಲು: ಯಾಕ ಬರಬೇಕು? ಸಾಲು ಸಾಲು ಓದಿ ಬೈದಾನ. ಅವನ ನೌಕರಿ ಮುಂಬಯಿ ಇಲಾಖೆಯ ಆಡಳಿತದ್ದು, ಹವ್ಯಾಸ ಶಾಸನದ್ದು. 1883ರಾಗ ಭಾರತ ಸರಕಾರದ ಮೊದಲನೇ ಶಾಸನತಜ್ಞ ಆದಾ. ಬೈಯಾಕೂ ಓದಬೇಕಲ್ಲಪಾ. ಈಗಿನವರು ಓದದನ ಹೊಗಳ್ತಾರ. ಅದನ್ನ ತಡಕೊಳ್ಳೋದು ಕಠಿಣ. ಇನ್ನೊಂದು ಚಂದ ಕೇಳು: ಫ್ಲೀಟ್ ಬರದ ಟಿಪ್ಪಣಿಯನ್ನ ಅಕ್ಷರ ಬಿಡದಂಗ ನಕಲು ಮಾಡಿ, ಅದರಾಗ ನನ್ನ ‘ನಕಲು ಶಾಸನ’ ಅಂತ ಕರೀತಾರ. ನನಗ ಅನುಮಾನ, ಅವರಿಗೆ ಡಾಕ್ಟರೇಟ್.

ನಾನು: ಅವರು ನಿಮ್ಮನ್ನ ನೋಡಾಕ ಬರೂದಿಲ್ಲೇನ್ರೀ?

ಕಲ್ಲು: ಬರ್ತಾರ. ಮುಂದ ನಿಂತು ನನಗ ಬೆನ್ನು ತೋರಿಸಿ ಫೋಟೋ ಹೊಡಕೊಂಡು ಹೋಗ್ತಾರ. ಅದಕ್ಕ ‘ಕ್ಷೇತ್ರಕಾರ್ಯ’ ಅಂತ ಹೆಸರಂತ. ಒಳಗ ಸಹಸ್ರಕೂಟ ಜಿನಬಿಂಬ ಐತಿ, ಅದನ್ನರ ನೋಡ್ರೋ ಅಂದ್ರ ಬಸ್ಸಿನ ವ್ಯಾಳ್ಯಾ ಆತಂತಾರ. ಒಬ್ಬಾಂವ ನನಗ ಒರಗಿ ಕುಂತು, ನನ್ನ ಮ್ಯಾಲ ಬರದ ಲೇಖನದ ಸಾರಾಂಶ ಮೊಬೈಲಿನಾಗ ಹುಡಕಾಕಹತ್ತಿದ್ದಾ. ಅವನ ಭುಜದ ಹಿಂದ ಮೂಲನ ಇತ್ತು.

ನಾನು: ಹಿಂದಿನವರು ಹ್ಯಾಂಗ ಮಾಡ್ತಿದ್ರು?

ಕಲ್ಲು: ಮೊದಲ ವಾಲ್ಟರ್ ಎಲಿಯಟ್. ಊರೂರಿನ ಶಾಸನ ಕೈಲೆ ಬರೆಸಿಕೊಂಡು ಆರುನೂರರ ಹತ್ತಿರ ಕೂಡಿಸಿದಾ, 1837ರಾಗ ಲಂಡನ್ನಿನ ರಾಯಲ್ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯೊಳಗ ಬರದಾ. ಕೈಬರಹದಾಗ ತಪ್ಪು ಬರ್ತಾವಂತ ಆಮ್ಯಾಲ ಪಡಿಯಚ್ಚು ಬಂತು. ಮೈ ತೊಳದು, ಒದ್ದಿ ಕಾಗದ ಹಚ್ಚಿ, ಬ್ರಷ್ಶಿನಿಂದ ಬಡದು ಬಡದು ಅಕ್ಷರದ ತಗ್ಗಿನೊಳಗ ಕೂಡಿಸಿ, ಮ್ಯಾಲ ಮಸಿ ಒತ್ತೋದು. ಭಾಳ ಕಚಗುಳಿ ಆಗ್ತಿತ್ತು. ಕಾಗದ ಒಣಗಿದ ಮ್ಯಾಲ ನಾ ಇಲ್ಲೇ, ನನ್ನ ಮಸಿ ಲಂಡನ್ನಿಗೆ. ಬ್ರಿಟಿಷ್ ಮ್ಯೂಸಿಯಮ್ಮಿನ ಬಾರ್ನೆಟ್ ಇಂಥಾ ಅಚ್ಚು ಮುಂದಿಟ್ಟುಕೊಂಡು ಗದಗ, ಲಕ್ಷ್ಮೇಶ್ವರದ ಶಾಸನ ‘ಎಪಿಗ್ರಾಫಿಯಾ ಇಂಡಿಕಾ’ದಾಗ ಸಂಪಾದಿಸಿದಾ. ಅದರಾಗ ನಮ್ಮೂರ ಕಂಬದ ಶಾಸನಾನೂ ಐತಿ, ಯುವರಾಜ ವಿಕ್ರಮಾದಿತ್ಯ ಪೊರಿಗೆರೆಯ, ಅಂದ್ರ ಈ ಊರಿನ, ಮಹಾಜನರಿಗೂ ಹದಿನೆಂಟು ಪ್ರಕೃತಿಗಳಿಗೂ ಹಾಕಿಕೊಟ್ಟ ಆಚಾರವ್ಯವಸ್ಥೆ. 725ರ ಸುಮಾರಿಂದು. ಭಾರಿ ಮನಿತನಕ್ಕ ಹತ್ತು ಪಣ, ನಡುವಿನದಕ್ಕ ಏಳು, ಸಣ್ಣದಕ್ಕ ಐದು, ತೀರಾ ಸಣ್ಣದಕ್ಕ ಮೂರು ಅಂತ ತೆರಿಗಿ ಗೊತ್ತು ಮಾಡಿದ್ರು.

ನಾನು: ಈಗಿನ ಜರ್ನಲ್‌ಗಳ ದರಪಟ್ಟಿ ಇದ್ದಂಗ ಐತಲ್ಲರೀ!

ಕಲ್ಲು: ಅಲ್ಲಿಗೂ ಇಲ್ಲಿಗೂ ಫರಕು ಐತಿ. ಆ ಪಟ್ಟಿಯೊಳಗ ಬಡವರಿಗೆ ಕಡಿಮಿ. ಈಗ ಅವಸರ ಇದ್ದಾಂವಗ ಹೆಚ್ಚು. ಮೂರು ದಿವಸದಾಗ ಅಚ್ಚು ಬೇಕಂದ್ರ ಒಂದು ದರ, ಒಂದು ವಾರ ಕಾಯ್ತೀನಂದ್ರ ಇನ್ನೊಂದು, ಪ್ರಮಾಣಪತ್ರಕ್ಕ ಚೌಕಟ್ಟು ಬೇಕಂದ್ರ ಬ್ಯಾರೆ. ಯುಜಿಸಿಯವರು ಕೇರ್ ಅಂತ ಛಲೋ ಜರ್ನಲ್‌ಗಳ ಒಂದು ಯಾದಿ ಮಾಡಿದ್ರು, 2025ರಾಗ ಅದನ್ನೂ ತಗದ್ರು. ಪಿಎಚ್‌ಡಿ ಪ್ರಬಂಧ ಕೊಡೂ ಮೊದಲ ಲೇಖನ ಅಚ್ಚಾಗಿರಬೇಕು ಅನ್ನೋ ನೇಮ 2022ರಾಗ ಹೋತು. ನೇಮ ಹೋತು, ಚಟ ಉಳೀತು.

ನಾನು: ಸುತ್ತಿನ ತಾಲ್ಲೂಕುಗಳ ಇತಿಹಾಸ ಬರಿಯೋದು ಅಷ್ಟು ಕಠಿಣ ಐತೇನ್ರೀ?

ಕಲ್ಲು: ಕಠಿಣ ಐತೋ ಇಲ್ಲೋ ನೀನ ಹೇಳು. ಬ್ರಿಟಿಷರ ಕಾಲದಾಗ ನಾ ಮಿರಜ ಸಂಸ್ಥಾನದಾಂವ. ಶಿರಹಟ್ಟಿ ಸಾಂಗಲಿ ಸಂಸ್ಥಾನದ್ದು. ಗದಗ, ಮುಂಡರಗಿ ಧಾರವಾಡ ಜಿಲ್ಲಾದವು. ಸೈಕಲ್ಲಿನ ಮ್ಯಾಲ ಹೋಗಿ ಬರೂ ಹಾದಿಯೊಳಗ ಮೂರು ದಫ್ತರ. ಅದರಾಗ ಸಂಸ್ಥಾನಗಳ ಹಳೇ ಕಾಗದ ಮೋಡಿ ಲಿಪಿಯೊಳಗ. ಶಿರಹಟ್ಟಿ ಫಕೀರೇಶ್ವರ ಮಠಕ್ಕ ಹಿಂದೂ, ಮುಸಲ್ಮಾನರು ಕೂಡೇ ನಡಕೊಳ್ಳೋದನ್ನ ಎಲ್ಲಾರೂ ಭಾಷಣದಾಗ ಹೇಳ್ತಾರ. ಮೋಡಿ ಕಲ್ತು ಕಾಗದದಾಗ ಹುಡುಕು ಅಂದ್ರ ಭಾಷಣ ಮುಗೀತದ. ಇನ್ನ ಮುಂಡರಗಿ ಭೀಮರಾಯ. 1858ರಾಗ ಬ್ರಿಟಿಷರ ವಿರುದ್ಧ ಕೊಪ್ಪಳದ ಕೋಟ್ಯಾಗ ಕಾದಿ ಸತ್ತಾ. ಅವನ ಕತಿ ಬೇಕಂದ್ರ ಎಲ್ಲಾರೂ ತಗಿಯೋದು ಯಾವ ಪುಸ್ತಕ? ಅವನ ಮ್ಯಾಲ ದಂಡು ಕಳಿಸಿದವರ ಗ್ಯಾಝೆಟಿಯರ್.

ನಾನು: ಅಮೆರಿಕಾದಾಗ ಒಂದೊಂದು ಸೀಮಿಗೂ ಇತಿಹಾಸದ ಸೊಸೈಟಿ ಅದಾವಂತ್ರೀ. ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಹಿಸ್ಟಾರಿಕಲ್ ಸೊಸೈಟಿ 1791ರಾಗ ಸುರು ಆದದ್ದು. ಊರವರ ಪತ್ರ, ದಿನಚರಿ ಎಲ್ಲಾ ಕೂಡಿಸಿ ಇಟ್ಟು, ಪುಸ್ತಕ ಮಾಡ್ತಾರಂತ.

ಕಲ್ಲು: 1791 ಅಂದ್ರ ನಿನ್ನೆ ಮೊನ್ನೆ. ಆದ್ರ ಕೆಲಸ ಛಲೋ ಐತಿ, ಸುಳ್ಳ್ಯಾಕ ಹೇಳ್ಲಿ. ಅಂಗಡ್ಯಾಂವನ ಉದ್ದರಿ ಚೀಟೀನೂ ಜ್ವಾಕಿ ಮಾಡ್ತಾರಂತಲ್ಲ? ಇಲ್ಲಿ ನಮ್ಮ ಬಳಗದಾಗ ಒಬ್ಬಾಂವ ಅರಿವಿ ಒಗಿಯೋ ಕಲ್ಲಾಗ್ಯಾನ, ಒಬ್ಬಾಂವಗ ಸುಣ್ಣ ಬಡದು ಬಡದು ಅಕ್ಷರ ಮುಚ್ಯಾವ. ಇನ್ನೊಬ್ಬಾಂವನ್ನ ದೇವರು ಮಾಡ್ಯಾರ. ಅವನ ಹತ್ತಿರ ಪಡಿಯಚ್ಚಿನವರನ್ನೂ ಬಿಡವಲ್ರು.

ನಾನು: ಒಳ್ಳೇದೇನೂ ಆಗೇ ಇಲ್ಲೇನ್ರೀ?

ಕಲ್ಲು: ಆಗೈತಲ್ಲ. 1939ರಾಗ ಧಾರವಾಡದಾಗ ಕನ್ನಡ ಸಂಶೋಧನಾ ಸಂಸ್ಥೆ ಆತು, ಪಂಚಮುಖಿಯವರು ಬಿಸಲಾಗ ತಿರುಗಿದ್ರು. ಕಲಬುರ್ಗಿ ಮಾಸ್ತರು ಧಾರವಾಡ ಜಿಲ್ಲಾದ ಶಾಸನಗಳ ಸೂಚಿ ಮಾಡಿದ್ರು. ಸೂಚಿ ಅಂದ್ರ ಕೀರ್ತಿ ತರದ ಕೆಲಸ, ಆದ್ರ ಎಲ್ಲಾರೂ ಅದನ್ನ ಹಿಡಕೊಂಡ ಹಾದಿ ಹುಡುಕ್ತಾರ. ಗದಗಿನ ತೋಂಟದಾರ್ಯ ಮಠದವರು ಸಂಶೋಧನೆಯ ಪುಸ್ತಕ ಕನ್ನಡದಾಗ ಅಚ್ಚು ಹಾಕಿಸಿ ಜಾತ್ರಿಗೆ ಬಂದವರ ಕೈಗೂ ಮುಟ್ಟಿಸಿದ್ರು. ಇದು ದೊಡ್ಡ ಮಾತು. ಯಾಕಂದ್ರ ಕವಿರಾಜಮಾರ್ಗ ಕನ್ನಡದ ತಿರುಳು ಎಲ್ಲೆಲ್ಲಿ ಐತಿ ಅಂತ ಎಣಿಸುವಾಗ ಪುಲಿಗೆರೆ ಅಂತ ನಮ್ಮೂರ ಹೆಸರು ಹೇಳೈತಿ, ಪಂಪನೂ ಪುಲಿಗೆರೆಯ ತಿರುಳ್ಗನ್ನಡ ಅಂದಾನ. ಅಂಥಾ ಊರಿನ ಇತಿಹಾಸ ಹೆಚ್ಚಿನದೆಲ್ಲಾ ಇಂಗ್ಲಿಷಿನೊಳಗ. ಬಸದಿ ಮುಂದ ಹಾಯೋ ಹುಡುಗಿ ‘ಇದರಾಗ ಏನ ಬರದೈತಿ’ ಅಂತ ಕೇಳಿದ್ರ, ಉತ್ತರ ಹೇಳಾಕ ಒಂದು ಸಣ್ಣ ಫಲಕ ಹಾಕಿದ್ರ ಸಾಕಿತ್ತು. ಆದ್ರ ಫಲಕಕ್ಕ ಬಡ್ತಿಯ ಪಾಯಿಂಟ್ ಸಿಗೂದಿಲ್ಲಂತ.

ನಾನು: ಕೊನೀ ಪ್ರಶ್ನಿ. ಕೃತಿಚೌರ್ಯ ನಿಲ್ಲಿಸಾಕ ಏನ ಮಾಡಬೇಕ್ರೀ?

ಕಲ್ಲು: ನಿಮ್ಮ ಕಾಪಿರೈಟ್ ಎಷ್ಟು ವರ್ಷದ್ದು?

ನಾನು: ಬರದಾಂವ ಸತ್ತ ಮ್ಯಾಲ ಅರವತ್ತು ವರ್ಷ.

ಕಲ್ಲು: ಶಾಸನದ ಕೊನೀಗೆ ಬರೂ ಶಾಪ ಕೇಳೀಯಿಲ್ಲೋ? ದಾನದ ಭೂಮಿ ಕದ್ದಾಂವ ಅರವತ್ತು ಸಾವಿರ ವರ್ಷ ಹೇಲಿನಾಗ ಹುಳ ಆಗಿ ಹುಟ್ಟತಾನಂತ. ಒಂದು ಸಾವಿರ ಪಟ್ಟು ಬಿಗಿ ಕಾಯ್ದೆ. ಪ್ರಬಂಧದ ಪ್ರಮಾಣಪತ್ರದ ಕೆಳಗ, ಮಾರ್ಗದರ್ಶಕರ ಸಹಿ ಮ್ಯಾಲ, ಈ ಸಾಲು ಹಾಕಿಸ್ರಿ.

ನಾನು: ಯಾರರ ಸಹಿ ಮಾಡ್ತಾರೇನ್ರೀ ಅಜ್ಜಾರ?

ಕಲ್ಲು: ಮಾಡ್ತಾರ. ಓದಿ ನೋಡ್ತಾರೇನು?