ಕಾಲಿನ ಲೆಕ್ಕ

(ಹಾಸನದ ಒಂದು ಟೀ ಅಂಗಡಿ. ಬೆಂಚಿನ ಒಂದು ತುದಿಯಲ್ಲಿ ಪಿಂಚಣಿ ಕಚೇರಿಯ ಗುಮಾಸ್ತರು, ಇನ್ನೊಂದು ತುದಿಯಲ್ಲಿ ಮಾಜಿ ಹವಾಲ್ದಾರ್. ಜೈಪುರ ಕಾಲು ಬಿಚ್ಚಿ ಪಕ್ಕಕ್ಕಿಟ್ಟಿದ್ದಾರೆ. ಅದಕ್ಕೂ ಒಂದು ಚಪ್ಪಲಿ ಇದೆ.)

ಗುಮಾಸ್ತ: ಕಾಲು ಎಷ್ಟು ಹೋಗಿದೆ?

ಹವಾಲ್ದಾರ್: ಮಂಡಿ ಕೆಳಗೆ ಪೂರ್ತಿ ಸಾರ್.

ಗುಮಾಸ್ತ: ಪೂರ್ತಿ ಗೀರ್ತಿ ಬೇಡ, ಶೇಕಡಾ ಹೇಳಿ.

ಹವಾಲ್ದಾರ್: ಮೆಡಿಕಲ್ ಬೋರ್ಡಿನವರು 60 ಅಂದ್ರು.

ಗುಮಾಸ್ತ: ಹೊಡೆದ ಶತ್ರು ಯಾರು?

ಹವಾಲ್ದಾರ್: ಮಳೆ. ಡ್ಯೂಟಿ ಲಾರಿ ಕಂದಕಕ್ಕೆ ಉರುಳ್ತು.

ಗುಮಾಸ್ತ: ಅಯ್ಯೋ, ಮಳೆಗೆ ಯುದ್ಧದ ದರ ಇಲ್ಲವಲ್ರೀ!

ಹವಾಲ್ದಾರ್: ಗೊತ್ತು. ನೂರಕ್ಕೆ ನೂರು ಹೋದ್ರೂ ಅಂಗವೈಕಲ್ಯದ ಪಿಂಚಣಿ ಕೊನೇ ಸಂಬಳದ ನೂರಕ್ಕೆ 30 ಭಾಗ. ಅದನ್ನ ಸ್ವಲ್ಪ ಏರಿಸಿ ಅಂತ ಕೇಳ್ತಿರೋದು.

ಗುಮಾಸ್ತ: ಏರಿಸಿದ್ರೆ ಎಲ್ಲರೂ ಕಾಲು ಮುರ್ಕೊಂಡು ಬರ್ತಾರೆ!

ಹವಾಲ್ದಾರ್: ರೇಟು ಹೇಳಿದ್ನಲ್ಲ ಸಾರ್, ಮೊದಲು ನೀವೇ ಒಂದು ಮುರ್ಕೊಂಡು ನೋಡಿ.

(ಗುಮಾಸ್ತರು ಕಾಲು ಒಳಗೆಳೆದುಕೊಂಡರು.)

ಗುಮಾಸ್ತ: ಬೊಕ್ಕಸವನ್ನೂ ನೋಡ್ಬೇಕಲ್ರೀ...

ಹವಾಲ್ದಾರ್: ನೋಡಿ. ಆದ್ರೆ ನಮ್ಮ ಮೇಲೆ ಕೇಸು ನಡೆಸೋಕೆ ಬೊಕ್ಕಸ ತುಂಬಿರುತ್ತಲ್ಲ, ಅದ್ಹೇಗೆ?

(ಉತ್ತರ ಬರಲಿಲ್ಲ, ಟೀ ಬಂತು. ಓದುಗರಿಗೆ ಒಂದು ಮಾತು: ಈ ಪಿಂಚಣಿಯ ಲೆಕ್ಕದಲ್ಲಿ ಶೇಕಡಾ 60 ಅಂಗವೈಕಲ್ಯವನ್ನು 75 ಎಂದು ಎಣಿಸುವ ಸೌಲಭ್ಯವನ್ನು ಅವಧಿ ಮುಗಿಸಿ ನಿವೃತ್ತರಾದವರಿಗೂ ಕೊಡಿ ಎಂದು ಹೇಳಲು ಸುಪ್ರೀಂ ಕೋರ್ಟೇ ಬೇಕಾಯಿತು, 2014ರ ಡಿಸೆಂಬರಿನಲ್ಲಿ. ಅಲ್ಲಿಗೆ ಮೇಲ್ಮನವಿ ಹೊತ್ತು ಹೋದದ್ದು ಸೈನಿಕರಲ್ಲ, ಸರ್ಕಾರ.)